ವಾಸನೆ ಮೇಸ್ತ್ರಿಯೂ ವಾಸನೆಯಿಲ್ಲದ ಗ್ಯಾಸೂ

ಅಲ್ಲೇ ಕೂತ್ಕೋ ಪುಟ್ಟಿ, ಆಗ್ಲೇ ಏಳ್ಬೇಡ. ನನ್ನ ತಮ್ಮನ ವಿಷಯ ಅರ್ಧಕ್ಕೇ ನಿಂತಿದೆ. ಊರಿಗೆಲ್ಲ ಅವನು ವಾಸನೆ ಮೇಸ್ತ್ರಿ. ಮೂವತ್ತು ವರ್ಷ ಮನೆಮನೆಗೆ ಗ್ಯಾಸ್ ಒಲೆ, ಪೈಪು ಜೋಡಿಸಿದವನು. ಬಾಗಿಲಲ್ಲೇ ನಿಂತು ಮೂಗರಳಿಸಿ, "ಎಡಗಡೆ ಒಲೆ, ಹಿಂದಿನ ನಟ್ಟು" ಅಂದ್ರೆ ಮುಗೀತು, ಅಲ್ಲೇ ಸೋರ್ತಿರೋದು. ಚಿಕ್ಕವನಿದ್ದಾಗಲೂ ಹಾಗೇ. ನಾನು ಕದ್ದು ಕಿತ್ತಳೆ ತಿಂದು, ಬಾಯಿ ತೊಳ್ಕೊಂಡು ಬಂದ್ರೂ ಹಿಡಿದು ಅಮ್ಮನಿಗೆ ಹೇಳೋನು, ಚಾಡಿಕೋರ.

ಆರು ವರ್ಷದ ಹಿಂದೆ ಒಂದು ಜ್ವರ ಬಂತು ನೋಡು, ಹೋಗುವಾಗ ಮೂಗನ್ನೂ ಹೊತ್ಕೊಂಡು ಹೋಯ್ತು. ಒಂದಿನ ಒಲೆ ಪಕ್ಕದಲ್ಲೇ ಪೇಪರ್ ಓದ್ತಾ ಕೂತಿದಾನೆ, ಹಾಲು ಸೀದು ಪಾತ್ರೆ ತಳ ಕರ್ರಗಾಗಿದೆ, ಈ ಮಹಾರಾಯನಿಗೆ ಪರಿವೆಯೇ ಇಲ್ಲ! ಬೈಯೋಕೆ ಅಂತ ಹೋದೆ. ಮುಖ ನೋಡಿ, ಒಲೆ ಆರಿಸಿ ಪಕ್ಕದಲ್ಲಿ ಕೂತೆ.

"ಅಕ್ಕಾ, ಯಾರಿಗೂ ಹೇಳ್ಬೇಡ" ಅಂದ.

ಮಾರನೇ ದಿನವೇ ಗ್ಯಾಸ್ ಕೆಲಸ ಬಿಟ್ಟ, ನಲ್ಲಿ ರಿಪೇರಿಗೆ ಇಳಿದ. ಕೇಳಿದವರಿಗೆಲ್ಲ ಸೊಂಟನೋವು ಅಂತ ನೆಪ. ನಲ್ಲಿಗೇನು ಸೊಂಟ ಬಗ್ಗಿಸ್ಬೇಡ್ವಾ? ಯಾರಿಗೂ ಹೊಳೀಲಿಲ್ಲ ಬಿಡು. ಆದ್ರೆ ನಟ್ಟು ಬಿಗಿಯೋ ಹಳೇ ಪಾನಾಗಳನ್ನ ಭಾನುವಾರ ಭಾನುವಾರ ಒರೆಸಿಡೋನು.

ಹೋದ ವಾರ ಲಾರಿ ಯಾರ್ಡಿನ ಎಂಜಿನಿಯರಮ್ಮ ಮನೆ ಹುಡುಕ್ಕೊಂಡು ಬಂದ್ರು. ಎರಡು ಹೊಸ ಲಾರಿ ಪರೀಕ್ಷೆ ಮಾಡ್ತಾರಂತೆ. ಡೀಸೆಲ್ ಬೇಡ್ವಂತೆ, ಹೈಡ್ರೋಜನ್ ಕುಡಿದು ಒಳಗೇ ಕರೆಂಟ್ ಮಾಡ್ಕೊಂಡು ಓಡುತ್ತಂತೆ. ಶಾಲೇಲಿ ಜಲಜನಕ ಅಂತ ಓದಿದ್ವಲ್ಲ, ನೀರಿನಪ್ಪ, ಅದೇ. ಅದಕ್ಕೇ ಹಿಂದುಗಡೆ ಹೊಗೆ ಇಲ್ಲ, ನೀರು ತೊಟ್ಟಿಕ್ಕುತ್ತೆ. ಪರೀಕ್ಷೆ ಮೂರೇ ತಿಂಗಳು, ಅಷ್ಟಕ್ಕೆ ಬಂಕ್ ಯಾರು ಕಟ್ಟಿಸ್ತಾರೆ? ಉದ್ದುದ್ದ ಸಿಲಿಂಡರ್ ಹೊತ್ತ ಟ್ರೈಲರ್ ತಂದು ನಿಲ್ಲಿಸಿ, ಸುತ್ತ ಬೇಲಿ ಹಾಕಿ, ಪೈಪೆಳೆದು ತಾತ್ಕಾಲಿಕವಾಗಿ ತುಂಬಿಸೋದು. ಜಾಯಿಂಟ್ ಬಿಗಿಯೋಕೆ ಪಳಗಿದ ಕೈ ಬೇಕಂತೆ.

"ಎಲ್ಲರೂ ನಿಮ್ಮ ಹೆಸರೇ ಹೇಳ್ತಾರೆ ಮೇಸ್ತ್ರಿಗಳೇ" ಅಂದ್ರು.

ಇವನಿಗೆ ಆಸೆ. ಬೆರಳು ಆಗ್ಲೇ ಇಲ್ಲದ ನಟ್ಟು ತಿರುಗಿಸ್ತಿದೆ! ಹೂಂ ಅಂದ್ಬಿಟ್ಟಿದ್ರೆ ಕೆಲಸ ಕೈಲಿತ್ತು. ನೆಲ ನೋಡ್ಕೊಂಡು ಅಂತಾನೆ:

"ಆ ಹೆಸರು ಈಗ ಸುಳ್ಳು ಮೇಡಂ. ಆರು ವರ್ಷದಿಂದ ನನಗೆ ಯಾವ ವಾಸನೆಯೂ ಬರಲ್ಲ."

ಹೋಯ್ತು ಕೆಲಸ, ಜೊತೆಗೆ ಮರ್ಯಾದೇನೂ ಅಂದ್ಕೊಂಡೆ.

ಆಯಮ್ಮ ನಗಲಿಲ್ಲ. "ಮತ್ತೆ ಸೋರಿಕೆ ಹೇಗೆ ಹಿಡೀತೀರಿ?"

"ಸೋಪು ನೀರು. ಒಂದೊಂದು ಜಾಯಿಂಟಿಗೂ ಬ್ರಷ್‌ನಲ್ಲಿ ಹಚ್ಚಿ ಕಾಯ್ತೀನಿ. ಗುಳ್ಳೆ ಎದ್ರೆ ಹೇಳ್ತೀನಿ, ಗ್ಯಾಸ್ ನಿಲ್ಲಿಸಿ, ಬಿಚ್ಚಿ, ಮತ್ತೆ ಕೂರಿಸೋದು."

"ಎಷ್ಟೊತ್ತು ಕಾಯ್ತೀರಿ?"

"ನೀವು ಬೈಯೋವರೆಗೂ."

ಈಗ ನಕ್ಕರು ನೋಡು! "ಹೈಡ್ರೋಜನ್‌ಗೆ ವಾಸನೆಯೇ ಇಲ್ಲ ಮೇಸ್ತ್ರಿಗಳೇ. ಅಲ್ಲಿ ನನ್ನ ಮೂಗೂ ದಂಡ. ನಿಮಗಿಂತ ಮುಂಚೆ ಇಬ್ಬರು ಬಂದಿದ್ರು, ಅನುಭವಸ್ಥರು. ಜಾಯಿಂಟ್ ಮೂಸಿ ನೋಡಿ, ಏನೂ ಸೋರ್ತಿಲ್ಲ ಅಂತ ಎದ್ದುಬಿಟ್ರು. ಪಕ್ಕದಲ್ಲೇ ಸೋರಿಕೆ ಹಿಡಿಯೋ ಯಂತ್ರ ಬೊಬ್ಬೆ ಹೊಡೀತಿತ್ತು! ಸೋಮವಾರ ಎಂಟಕ್ಕೆ ಬನ್ನಿ."

ಇವನು ಗೋಡೆ ಕಡೆ ತಿರುಗಿ ಮೂಗೊರೆಸ್ಕೊಂಡ. ಆಮೇಲೆ ಬೀದಿಗಿಳಿದು, ಎದುರಿಗೆ ಸಿಕ್ಕವರನ್ನೆಲ್ಲ ನಿಲ್ಲಿಸಿ, "ನನಗೆ ವಾಸನೆ ಬರಲ್ಲ ಗೊತ್ತಾ?" ಅಂತ ಹೇಳ್ಕೊಂಡು ಬಂದಿದಾನೆ, ಬಹುಮಾನ ಬಂದವರ ಹಾಗೆ.

ಸರಿ, ಈಗ ಏಳು. ಅಲ್ಲಿಗೆ ಪಾಲಿಯೆಸ್ಟರ್ ಹಾಕ್ಕೊಂಡು ಹೋಗೋ ಹಾಗಿಲ್ವಂತೆ, ಬಟ್ಟೆ ಉಜ್ಜಿ ಕಿಡಿ ಹಾರಿದ್ರೆ ಗತಿಯೇನು? ಇವನ ಹತ್ರ ಇರೋವೆಲ್ಲ ಮಿರಮಿರ ಮಿಂಚೋವೇ. ದರ್ಜಿ ಹತ್ರ ಎರಡು ಹತ್ತಿ ಅಂಗಿ ಹೊಲಿಯೋಕೆ ಕೊಟ್ಟಿದೀನಿ, ಇಸ್ಕೊಂಡು ಬಾ. ನಾಳೆ ಬಾ ಅಂದ್ರೆ ಕೇಳ್ಬೇಡ, ಕೊಡೋವರೆಗೂ ಅಲ್ಲೇ ಕೂತಿರು.