ಪಟ್ಟಿ ಕೇಳಿದರೆ ನಾಯಿ ಬಂತು

ಹೊಟ್ಟೆ ತುಂಬಿದೆ ಎಂದು ನನ್ನ ಫೋನು ಇವತ್ತು ಬೆಳಿಗ್ಗೆ ಮುಷ್ಕರ ಹೂಡಿತು. ಹಳೆಯದನ್ನು ಅಳಿಸದ ಹೊರತು ಹೊಸ ಚಿತ್ರ ಒಂದನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲವಂತೆ. ಸರಿ, ಅಳಿಸೋಣ ಎಂದು ಕೂತರೆ ಸಿಕ್ಕಿದ್ದು ಪುಸ್ತಕಗಳ ಪರಿವಿಡಿಯ ಪುಟಗಳು, ರಾಶಿ ರಾಶಿ. ಬಹುತೇಕ ಎಲ್ಲದರ ಮೂಲೆಯಲ್ಲೂ ನನ್ನ ಹೆಬ್ಬೆರಳು. ಜನ ತಮ್ಮ ಹಳೆಯ ಮದುವೆ ಫೋಟೋ ನೋಡಿ ನಗುತ್ತಾರೆ, ನಾನು ಹೆಬ್ಬೆರಳು ನೋಡಿ ನಕ್ಕೆ. ಜೊತೆಗೇ ಗಿರಿಜಾ ಮೇಡಂ ನೆನಪಾದರು.

ಕೊರೊನಾ ಕಾಲದ ಮಾತು. ಕರಾವಳಿಯ ಬದುಕನ್ನು ಅಧ್ಯಯನ ಮಾಡುವ ಪುಟ್ಟ ಸಂಸ್ಥೆಯೊಂದರ ಕೊಚ್ಚಿ ಶಾಖೆಗೆ ನಾನು ಆಗಷ್ಟೇ ಮೈಸೂರಿನಿಂದ ಬಂದಿದ್ದೆ, ಸಹಾಯಕ ಗ್ರಂಥಪಾಲಕನಾಗಿ. ಮುಖ್ಯ ಗ್ರಂಥಾಲಯ ತಿರುವನಂತಪುರದಲ್ಲಿ, ಅಲ್ಲಿನ ಒಡತಿ ಧಾರವಾಡದ ಗಿರಿಜಾ ಮೇಡಂ. ಗಂಡನ ಬ್ಯಾಂಕ್ ವರ್ಗಾವಣೆಯ ಬೆನ್ನಿಗೆ ಬಂದು ಅಲ್ಲಿಯ ತಂಪಾನೂರು ಬಡಾವಣೆಯಲ್ಲಿ ನೆಲೆಸಿದವರು, ಮಲಯಾಳವನ್ನೂ ಧಾರವಾಡದ ಗತ್ತಿನಲ್ಲೇ ಆಡುತ್ತಿದ್ದರು. ಕಪಾಟುಗಳ ನಡುವೆ ಹುಲಿಯಂತಿದ್ದವರು ಕಂಪ್ಯೂಟರಿನ ಮುಂದೆ ಮಾತ್ರ ಅಳುಕುತ್ತಿದ್ದರು. ಅವರಿಗೆ ಅದನ್ನು ಕಲಿಸುವ ಕೆಲಸವೂ ನನ್ನ ಹೆಗಲಿಗೆ ಬಿದ್ದಿತ್ತು, ಆದರೆ ನಾನೇನು ಮಹಾ ಪಂಡಿತನೇ? ಫೈಲ್ ಲಗತ್ತಿಸಿದ್ದೇನೆ ಎಂದು ಬರೆದು, ಬರೀ ಇಮೇಲ್ ಕಳಿಸುವ ಜಾತಿ ನನ್ನದು.

ಲಾಕ್‌ಡೌನ್ ಆಗಿ ಎರಡೂ ಗ್ರಂಥಾಲಯಗಳಿಗೆ ಬೀಗ ಬಿತ್ತು. ಓದುವವರು ಮನೆಯಲ್ಲಿ, ಪುಸ್ತಕಗಳು ಕತ್ತಲಲ್ಲಿ. ಆಗ ನಿರ್ದೇಶಕರಿಗೆ ಒಂದು ಯೋಚನೆ ಬಂತು: ಇನ್ನು ಮುಂದೆ ಎಲ್ಲ ಆನ್‌ಲೈನ್, ಅದನ್ನು ಒಂದು ಕಂಪನಿಗೆ ವಹಿಸೋಣ, ಗ್ರಂಥಾಲಯದವರನ್ನು ಸ್ಟೋರ್ಸ್ ವಿಭಾಗಕ್ಕೆ ಹಾಕೋಣ. ಮೇಡಂ ನಿವೃತ್ತಿ ಹತ್ತಿರದಲ್ಲಿತ್ತು. ಫೋನಿನಲ್ಲಿ ಅವರ ದನಿ ನಡುಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

“ಇಷ್ಟು ವರ್ಷ ಲೈಬ್ರರಿಯನ್ ಅನಿಸ್ಕೊಂಡು, ಕಡೀಕ ಸ್ಟೋರಿನ್ಯಾಗ ಬಲ್ಬು ಎಣಿಸ್ಕೋತ ರಿಟೈರ್ ಆಗ್ಬೇಕೇನೋ ತಮ್ಮಾ?”

ಆದರೆ ಮೇಡಂ ಅತ್ತು ಕೂರುವವರಲ್ಲ. ತಿಂಗಳ ಕೊನೆಯ ಆನ್‌ಲೈನ್ ಸಭೆಯಲ್ಲಿ ಕಂಪನಿಯವರು ತಮ್ಮ ಕೆಲಸ ತೋರಿಸಲಿ, ನಾವೂ ನಮ್ಮದನ್ನು ತೋರಿಸುತ್ತೇವೆ ಎಂದು ನಿರ್ದೇಶಕರಿಗೆ ಹೇಳಿಯೇಬಿಟ್ಟರು. ತೋರಿಸಲು ನಮ್ಮ ಹತ್ತಿರ ಆಗ ಏನೂ ಇರಲಿಲ್ಲ.

ಪಾಠ ಶುರುವಾಯಿತು. ನಾನು ಕೊಚ್ಚಿಯಲ್ಲಿ, ಅವರು ತಿರುವನಂತಪುರದಲ್ಲಿ, ನಡುವೆ ಎದ್ದು ಬಿದ್ದು ಬರುವ ಇಂಟರ್‌ನೆಟ್ಟು. ಸ್ಕ್ರೀನ್ ಹಂಚುವುದನ್ನು ಕಲಿಸಲು ಹೋದರೆ, “ಗುಂಡಿ ಒತ್ತಿದ್ನೆಪಾ, ನನ್ನ ಮಾರಿ ಹೋಗಿ ಬದನಿಕಾಯಿ ಬಂತು,” ಎಂದರು. ಅವರು ನೋಡುತ್ತಿದ್ದ ಎಣಗಾಯಿ ವಿಡಿಯೋ ನನ್ನ ಪರದೆಯ ತುಂಬ ಕುದಿಯುತ್ತಿತ್ತು. ಲಾಕ್‌ಡೌನಿನಲ್ಲಿ ಎಣಗಾಯಿ ನೋಡಿದ ಒಂಟಿ ಬ್ರಹ್ಮಚಾರಿಯ ಪಾಡು ನಿಮಗೆ ಬಿಡಿಸಿ ಹೇಳಬೇಕಿಲ್ಲ. ನಡುವೆ ಪೊಲೀಸರ ಪಾಸು ಪಡೆದು ಒಂದು ದಿನ ಬೀಗ ತೆಗೆಸಿ, ನಮ್ಮದೇ ಆನ್‌ಲೈನ್ ಕ್ಯಾಟಲಾಗಿಗೆ ಸೇರಿಸಲು ಪರಿವಿಡಿಗಳ ಫೋಟೋ ಹೊಡೆದುಕೊಂಡು ಬಂದೆ. ಹೆಬ್ಬೆರಳು ಸೇರಿದ್ದು ಆಗ.

ಇನ್ನು ನನ್ನ ಮಲಯಾಳದ ಕಥೆ. ಎರಡೂ ಕಡೆಯ ಸಿಬ್ಬಂದಿ ಕೂಡಿದ ಸಭೆಯಲ್ಲಿ, ಅವರವರ ಬಳಿ ಇರುವ ಪುಸ್ತಕಗಳ ಪಟ್ಟಿ ಬೇಕು ಎನ್ನಲು, “ಎಲ್ಲಾವರುಂ ಪಟ್ಟಿ ಅಯಕ್ಕಣಂ,” ಎಂದು ಗಂಭೀರವಾಗಿ ಅಪ್ಪಣೆ ಕೊಟ್ಟೆ. ಎಲ್ಲರೂ ತಲೆಯಾಡಿಸಿದರು. ಮರುದಿನ ಫೋರ್ಟ್ ಕೊಚ್ಚಿಯ ಬಿಂದು ಚೇಚಿ, ನಮ್ಮ ಶಾಖೆಯ ಗುಮಾಸ್ತೆ, ಎಲ್ಲರಿಗೂ ಅಕ್ಕ, ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಹಾಕಿದರು: ಮೀನುಬಲೆಯ ನೆರಳಲ್ಲಿ ಮಲಗಿದ ಬೀದಿನಾಯಿ. ಕೆಳಗೆ, “ಸಾರ್, ಇದು ಮತಿಯೋ?” ಇದು ಸಾಕಾ ಅಂತ. ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ! ಎಲ್ಲರೂ ನಾಯಿ ಕಳಿಸಿ ಎಂದು ನಾನು ಹುಕುಂ ಮಾಡಿದ್ದೆ. ಸಂಜೆಯೊಳಗೆ ಗುಂಪಿನ ತುಂಬ ನಾಯಿಗಳು.

ಮೇಡಂ ಫೋನು ಮಾಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ನಗು ತಡೆದುಕೊಂಡು ಹೇಳಿದರು:

“ತಮ್ಮಾ, ನೀ ನಿಮ್ಮ ಮನಿ ಮಾತು ಆಡಿದಿ, ಅದಕ್ಕ ನಾಯಿ ಬಂತು. ನಮ್ಮಲ್ಲಿ ಓದೋ ಹುಡುಗ್ರೂ ಮನ್ಯಾಗ ಕೂತು ಮನಿ ಮಾತೇ ಟೈಪ್ ಮಾಡಿ ಪುಸ್ತಕ ಹುಡುಕ್ತಾರಲ್ಲ? ಎದುರಿಗೆ ಬಂದ್ರ ನಾನು ಕೇಳಿ ತಿಳ್ಕೊಂಡು ಪುಸ್ತಕ ಕೊಡ್ತಿದ್ದೆ. ಈ ಕಂಪ್ಯೂಟರ್ ಡಬ್ಬಿಗೆ ಯಾರು ತಿಳಿಸಿ ಹೇಳವ್ರು?”

ಹಳೆಯ ಕಾರ್ಡ್ ಕ್ಯಾಟಲಾಗಿನಲ್ಲಿ ‘ಇದನ್ನೂ ನೋಡಿ’ ಎಂಬ ಕಾರ್ಡುಗಳಿದ್ದವಲ್ಲ, ಒಂದು ಹೆಸರು ಹಿಡಿದು ಬಂದವರಿಗೆ ಅದರ ಇನ್ನೊಂದು ಹೆಸರಿನ ದಾರಿ ತೋರಿಸುವಂಥವು? ಅದನ್ನೇ ಕಂಪ್ಯೂಟರಿಗೆ ಕಲಿಸಲು ಹೊರಟೆವು. ಮೀನು, ದೋಣಿ, ಬಲೆ, ಗಾಳಿ, ಒಂದೊಂದಕ್ಕೂ ಊರೂರಿನ ಹೆಸರು ಕೇಳಿ ಬರೆದುಕೊಂಡೆವು. ಬಿಂದು ಚೇಚಿ ನೆರೆಹೊರೆಯನ್ನೆಲ್ಲ ಗೋಡೆಯಾಚೆಯಿಂದ ವಿಚಾರಿಸಿ, ಈ ಸಲ ನಿಜವಾದ ಪಟ್ಟಿಯನ್ನೇ ಕಳಿಸಿದರು. ಪದ ಸೇರಿಸುವುದನ್ನು ಮೇಡಂ ಕಲಿತರು, ಮರೆತರು, ಬೈದರು, ಮತ್ತೆ ಕಲಿತರು. ಕೊನೆಗೆ ನನ್ನ ತಪ್ಪುಗಳನ್ನೇ ತಿದ್ದತೊಡಗಿದರು.

ಸಭೆಯ ದಿನ ಕಂಪನಿಯ ಯುವಕ ಮೊದಲು ಬಂದ. ಬಣ್ಣಬಣ್ಣದ ಪುಟಗಳು, ಅರಳು ಹುರಿದಂಥ ಇಂಗ್ಲಿಷು. ಸಭೆಯಲ್ಲಿದ್ದ ಸಂಶೋಧನಾ ವಿದ್ಯಾರ್ಥಿನಿ, ತಿರುವನಂತಪುರದ ಹತ್ತಿರದ ‘ತುಂಬಾ’ ಎಂಬ ಕಡಲ ಊರಿನ ಮೀನುಗಾರರ ಮನೆಯ ಜಾಸ್ಮಿನ್‌ಗೆ ನಿರ್ದೇಶಕರು, “ನಿನಗೆ ಬೇಕಾದ್ದನ್ನು ಹುಡುಕಮ್ಮ,” ಎಂದರು. ಅವಳು ‘ಚಾಳ’ ಎಂದು ಟೈಪ್ ಮಾಡಿದಳು. ಏನೂ ಸಿಗಲಿಲ್ಲ.

“ಸ್ಪೆಲಿಂಗ್ ಒಮ್ಮೆ ನೋಡಿಕೊಳ್ಳಿ,” ಎಂದ ಯುವಕ.

“ಸ್ಪೆಲಿಂಗ್ ಸರಿಯಿದೆ, ನಮ್ಮನೇಲಿ ದಿನಾ ತಿನ್ನೋ ಮೀನು,” ಎಂದಳು ಜಾಸ್ಮಿನ್.

ಈಗ ಮೇಡಂ ಸರದಿ. ಬದನೆಕಾಯಿ ಬರದಿರಲಪ್ಪಾ ಎಂದು ಚಾಮುಂಡಿಯನ್ನು ಬೇಡಿಕೊಂಡೆ. ಬರಲಿಲ್ಲ. ಮೇಡಂ ಒಂದೇ ಸಲಕ್ಕೆ ಸ್ಕ್ರೀನ್ ಹಂಚಿ, ಅದೇ ‘ಚಾಳ’ ಟೈಪ್ ಮಾಡಿದರು. “ಇದನ್ನೂ ನೋಡಿ: ಮತ್ತಿ,” ಎಂದಿತು ಪರದೆ. ಕೆಳಗೆ ಸಾಲುಸಾಲಾಗಿ ಪುಸ್ತಕಗಳು, ವರದಿಗಳು. ಮಲಬಾರಿನವರ ಮತ್ತಿಯೇ ತಿರುವನಂತಪುರದವರ ಚಾಳ.

“ಅಯ್ಯೋ, ಇದೇ! ಈ ವರದಿಯನ್ನೇ ನಾನು ಹುಡುಕ್ತಿದ್ದದ್ದು!” ಜಾಸ್ಮಿನ್ ಕೂಗಿಕೊಂಡಳು.

ನಿರ್ದೇಶಕರು ಕನ್ನಡಕ ಸರಿಮಾಡಿಕೊಂಡು ತಮ್ಮ ಊರಿನ ಪದವೊಂದನ್ನು ಹೇಳಿದರು. ಅದೂ ಸಿಕ್ಕಿತು. ಇನ್ನೊಂದು ಹೇಳಿದರು. ಆಮೇಲೆ ಸ್ಟೋರ್ಸಿನ ಮಾತನ್ನು ಯಾರೂ ಎತ್ತಲಿಲ್ಲ. ಕ್ಯಾಮೆರಾ ಬಂದ್ ಮಾಡಿ, ಬಾಡಿಗೆ ಕೋಣೆಯಲ್ಲಿ ಒಬ್ಬನೇ ಕುಣಿದೆ. ಕೆಳಗಿನ ಮನೆಯವರು ಸೂರಿಗೆ ಕೋಲಿನಿಂದ ಕುಟ್ಟಿದರು, ಆದರೂ ಕುಣಿದೆ.

ಮೇಡಂ ನಿವೃತ್ತರಾಗಿ ಈಗ ಧಾರವಾಡದಲ್ಲಿದ್ದಾರೆ, ನಾನು ತಿರುವನಂತಪುರದಲ್ಲಿ ಅವರ ಕುರ್ಚಿಯಲ್ಲಿ. ಹೊಸದಾಗಿ ಕೆಲಸಕ್ಕೆ ಸೇರಿದ ಗ್ರಂಥಪಾಲಕರಿಗೆ ಇವತ್ತು ಮಧ್ಯಾಹ್ನ ಆನ್‌ಲೈನ್ ತರಬೇತಿ ಇತ್ತು, ಕಲಿಸುವವರು ಮೇಡಂ. ಪರಿಚಯಿಸಲು ನಾನು ಅವರ ಸಾಧನೆಗಳನ್ನೆಲ್ಲ ಬರೆದಿಟ್ಟುಕೊಂಡಿದ್ದೆ. “ನಿವೃತ್ತ...” ಎಂದು ಬಾಯಿ ತೆರೆಯುವಷ್ಟರಲ್ಲಿ ನನ್ನ ಮೈಕು ಬಂದಾಯಿತು. ಬಂದ್ ಮಾಡಿದ್ದು ಅವರೇ.

“ನಾನು ಗಿರಿಜಾ,” ಎಂದರು ಪರದೆಯ ತುಂಬ ನಗುತ್ತ, “ಲೈಬ್ರರಿಯನ್.”