ಅರ್ಜಿಯಲ್ಲಿದ್ದ ಒಂದೇ ಹೆಸರು

ಪಾಲಿಬೆಟ್ಟದ ಹತ್ತಿರದ ಶಾಲೆಯೊಂದರಲ್ಲಿ ನಾನು ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದೆ. ಸಂಜೆ ಪಕ್ಕದ ಕಾಫಿ ಎಸ್ಟೇಟಿನ ಲೈನಿಗೆ, ಅಂದರೆ ಕೂಲಿಯವರ ಸಾಲುಮನೆಗಳಿಗೆ ಹೋಗಿ, ಕೆಲಸ ಮುಗಿಸಿ ಬಂದ ಹೆಂಗಸರಿಗೆ ಅಕ್ಷರ ಕಲಿಸುವುದೂ ಇತ್ತು. ಯಾರೂ ಹೇಳಿರಲಿಲ್ಲ, ನನ್ನದೇ ಹುಚ್ಚು. ವರ್ಷ ಕಳೆದರೂ ತನ್ನ ಹೆಸರು ಬರೆಯಲು ಕಲಿತವಳು ಒಬ್ಬಳೇ. ಅವಳ ಮಗಳು ನನ್ನ ಎಂಟನೇ ಕ್ಲಾಸಿನಲ್ಲಿದ್ದಳು.

ಆ ಸಲ ಲೈನಿನ ನಲ್ಲಿ ಕೆಟ್ಟು, ಹೆಂಗಸರು ತಿಂಗಳುಗಟ್ಟಲೆ ತೋಡಿನಿಂದ ನೀರು ಹೊತ್ತರು. ಯೂನಿಯನ್ ಕಟ್ಟಬೇಕೆಂಬ ಮಾತು ಬಂತು. ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ಮಿಲ್ಲುಗಳ ಕೂಲಿಕಾರರು ವೋಟಿನ ಹಕ್ಕು ಕೇಳಿ ಲಕ್ಷಗಟ್ಟಲೆ ಸಹಿ ಹಾಕಿದ ಕತೆ ಹೇಳಿದೆ. ಪಾರ್ಲಿಮೆಂಟು ಆ ಅರ್ಜಿಯನ್ನು ತಳ್ಳಿಹಾಕಿತು ಎಂಬುದನ್ನು ಮಾತ್ರ ನುಂಗಿಕೊಂಡೆ. ಪಾಠ ಮಾಡುವವರ ಚಾಳಿ ಇದು.

ಅರ್ಜಿ ನಾನೇ ಬರೆದೆ: ನೀರು ಬೇಕು, ಯೂನಿಯನ್ನಿಗೆ ಅಡ್ಡಿ ಮಾಡಬಾರದು. ಹೆಬ್ಬೆಟ್ಟಿನ ಪಕ್ಕ ಯಾರ ಹೆಸರೂ ಬೇಡ ಎಂದೆ. ಬರೀ ಹೆಬ್ಬೆಟ್ಟಾದರೆ ಯಾವುದು ಯಾರದೆಂದು ಎಸ್ಟೇಟಿನ ಗುಮಾಸ್ತ, ಆ ರೈಟರ್, ಹೇಗೆ ಹೇಳಿಯಾನು? ಒಬ್ಬೊಬ್ಬರಾಗಿ ಒತ್ತಿದರು. ಕೊನೆಗೆ, ಹೆಸರು ಬರೆಯಲು ಕಲಿತಿದ್ದ ಅವಳು ಇಂಕ್ ಪ್ಯಾಡ್ ಪಕ್ಕಕ್ಕೆ ತಳ್ಳಿ, "ಪೆನ್ನು ಕೊಡಿ ಟೀಚರೇ, ನಂಗೆ ಬರ್ತದಲ್ಲ" ಎಂದಳು.

"ನೋಡ್ರೇ, ಇನ್ಮೇಲೆ ಇವ್ಳೇ ನಮ್ಮ ರೈಟರಮ್ಮ" ಎಂದು ಉಳಿದವರು ನಕ್ಕರು. ನಾನು ಪೆನ್ನು ಕೊಟ್ಟೆ. ಆ ಸಹಿಯ ಫೋಟೊ ಬೇರೆ ಮೊಬೈಲಿನಲ್ಲಿ ಹೊಡೆದುಕೊಂಡೆ. ನಾನು ಕಲಿಸಿದವಳು ಎಂಬ ಜಂಬದಲ್ಲಿ ಬುದ್ಧಿಗೆ ಮಂಕು ಕವಿದಿತ್ತು.

ಆ ಕಾಗದದಲ್ಲಿ ಆಫೀಸಿನವರಿಗೆ ಓದಲು ಸಿಕ್ಕಿದ್ದು ಒಂದೇ ಹೆಸರು. ಮರುದಿನ ಅವಳಿಗೆ ಕೆಲಸವಿಲ್ಲ ಎಂದರು, ವಾರದೊಳಗೆ ಲೈನ್ ಮನೆ ಖಾಲಿ ಮಾಡು ಎಂದರು. ನಾನು ಹೋಗಿ ರೈಟರ್ ಮುಂದೆ ನಿಂತು, ಅರ್ಜಿ ಬರೆದವಳು ನಾನು ಎಂದೆ. "ನೀವು ಸ್ಕೂಲ್ ನೋಡ್ಕೊಳ್ಳಿ ಮೇಡಂ" ಎಂದ, ಮುಖ ಎತ್ತಲೂ ಇಲ್ಲ. ಹೊರಗೆ ಉಳಿದ ಹೆಂಗಸರು ಸೊಂಟಕ್ಕೆ ಚೀಲ ಕಟ್ಟಿಕೊಂಡು ಕಾಫಿ ಪಿಕಿಂಗಿಗೆ ಹೊರಟಿದ್ದರು. ಅವರ ಮೇಲೆ ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು. ಮನೆ ಹೋಗುವುದು ಅವರದೇ ಹೊರತು ನನ್ನದಲ್ಲ.

ಶನಿವಾರ ಅವಳು ಮಗಳ ಟಿ.ಸಿ. ಕೇಳಿಕೊಂಡು ಶಾಲೆಗೆ ಬಂದಳು. ನೆಲ್ಯಹುದಿಕೇರಿಯಲ್ಲಿರುವ ತಂಗಿಯ ಮನೆಗೆ ಹೋಗುತ್ತಾರಂತೆ.

"ಇವಳ ಓದು?" ಎಂದೆ.

"ನೋಡ್ಬೇಕು ಟೀಚರೇ. ಅವ್ಳೂ ಕೆಲ್ಸಕ್ಕೆ ಬಂದ್ರೇ ಆಗೋದು."

ತಪ್ಪು ನನ್ನದು, ಕ್ಷಮಿಸು ಎಂದೆ. ನಾನು ರಿಜಿಸ್ಟರ್ ಅವಳತ್ತ ತಿರುಗಿಸಿ, ಸಹಿ ಮಾಡುವ ಜಾಗ ತೋರಿಸಿ ಪೆನ್ನು ಚಾಚಿದೆ. ಅವಳು ಅದನ್ನು ಮುಟ್ಟಲಿಲ್ಲ.

"ಇಂಕ್ ಪ್ಯಾಡ್ ಕೊಡಿ" ಎಂದು ಹೆಬ್ಬೆರಳು ಮುಂದೆ ಹಿಡಿದಳು.