ಖಾಲಿ ಗಾಡಿ ತಳ್ಳುವವರಿಲ್ಲ

ಚಳ್ಳಕೆರೆಯ ಆಸ್ಪತ್ರೆ ರಸ್ತೆಯಲ್ಲಿ ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಜಂಪಣ್ಣ ತಮ್ಮ ಹಳೆಯ ಬಿಳಿ ವ್ಯಾನನ್ನು ಒಬ್ಬರೇ ತಳ್ಳುತ್ತಿದ್ದಾರೆ. ಎಡಗೈಯಲ್ಲಿ ಸ್ಟೀರಿಂಗ್ ಹಿಡಿದು, ಬಾಗಿಲ ಚೌಕಟ್ಟಿಗೆ ಭುಜ ಕೊಟ್ಟಿದ್ದಾರೆ. ಸೆಲ್ಫ್ ಮೋಟರ್ ಕೈಕೊಟ್ಟಿದೆ. ಗಾಡಿ ಒಂದಿಷ್ಟು ಓಡಿದ ಕೂಡಲೇ ಒಳಗೆ ಹಾರಿ ಕೂತು ಗೇರಿಗೆ ಹಾಕಬೇಕು. ಐವತ್ತು ದಾಟಿದ ಮನುಷ್ಯ ಒಂಟಿಯಾಗಿ ಮಾಡುವ ಕೆಲಸ ಇದಲ್ಲ. ಎದುರಿನ ಟೀ ಅಂಗಡಿಯಲ್ಲಿ ಆರೇಳು ಗಂಡಸರು ನಿಂತಿದ್ದಾರೆ. ಬೇರೆ ಯಾರ ಗಾಡಿ ಹೀಗೆ ನಿಂತಿದ್ದರೂ ಲೋಟ ಕೆಳಗಿಟ್ಟು ಓಡಿಬರುವ ಜನ. ಇವತ್ತು ಮಾತ್ರ ಎಲ್ಲರ ಟೀಯೂ ವಿಪರೀತ ಬಿಸಿಯಾಗಿದೆ.

ಪತ್ರಿಕೆಗೆ ಬರೆಯಲೆಂದು ಒಂದು ವಾರ ಅವರ ಜೊತೆಗಿರಲು ಬಂದ ನಾನು ಹೋಗಿ ಹಿಂದಿನಿಂದ ತಳ್ಳುತ್ತೇನೆ. ಮೂರನೇ ಸಲಕ್ಕೆ ಎಂಜಿನ್ ಗುರುಗುಟ್ಟಿ ಹತ್ತಿಕೊಳ್ಳುತ್ತದೆ. ಕೈ ಒರೆಸಿಕೊಂಡು ಟೀ ಕೇಳಿದರೆ, ಅಂಗಡಿಯವರು ಲೋಟ ಕೊಡದೆ ಬಹಳ ಮರ್ಯಾದೆಯಿಂದ ಹೇಳುತ್ತಾರೆ: "ಸರ್, ಹೊಸಬರು ಕಾಣ್ತೀರಿ. ಅದು ಹೆಣ ಸಾಗ್ಸೋ ಗಾಡಿ. ಮುಟ್ಟಿಬಿಟ್ಟಿದ್ದೀರಿ, ಸ್ನಾನ ಮಾಡ್ಕಂಡ್ ಬಂದ್ಬಿಡ್ರಿ."

ಹೌದು, ಜಂಪಣ್ಣ ಹೆಣ ಸಾಗಿಸುತ್ತಾರೆ. ಆಸ್ಪತ್ರೆಯಲ್ಲಿ ಉಸಿರು ನಿಂತವರನ್ನು ಅವರವರ ಊರಿಗೆ ಮುಟ್ಟಿಸುವುದು ಅವರ ಕೆಲಸ. ತಿಂಗಳಿಗೆ ಹತ್ತು ಹದಿನೈದು ಬಾರಿ ಕರೆ ಬರುತ್ತದೆ. ನಾಯಕನಹಟ್ಟಿ ಸೀಮೆ, ತಳಕು, ಮೊಳಕಾಲ್ಮುರು, ಗಡಿಯಾಚೆಯ ಆಂಧ್ರದ ಹಳ್ಳಿಗಳು, ಯಾವುದಕ್ಕೂ ಇಲ್ಲ ಎಂದವರಲ್ಲ. "ಜೀವ ಇರೋವರ್ಗೂ ಕರ್ಕಂಡ್ ಹೋಗಾಕೆ ಗಾಡಿ ಬೇಕಾದಷ್ಟು ಐದಾವೆ. ಜೀವ ಹೋದ ಮ್ಯಾಲೆ ನಂದೊಂದೇ," ಎನ್ನುತ್ತಾರೆ. ಹೆಮ್ಮೆಯಿಂದ ಹೇಳಿದರೋ ಬೇಸರದಿಂದಲೋ ಗೊತ್ತಾಗುವುದಿಲ್ಲ.

ಈ ಗಾಡಿ ಮೊದಲು ಸಂಸಾರದ ಗಾಡಿಯಾಗಿತ್ತು. ಒಬ್ಬಳೇ ಮಗಳು ಸೌಂದರ್ಯ ಹುಟ್ಟಿದ ವರ್ಷ, ಮನೆಮಂದಿಯನ್ನು ಓಡಾಡಿಸಲು, ಬಿಡುವಿದ್ದಾಗ ಮದುವೆ ಬಾಡಿಗೆಗೆ ಹೋಗಲು ತಂದದ್ದು. ಹಿಂದಿನ ಗಾಜಿನ ಮೇಲೆ ಮಗಳ ಹೆಸರು ಬರೆಸಿದ್ದರು. ಒಂದು ಮುಂಜಾನೆ ಪಕ್ಕದ ಬೀದಿಯವರ ಹಸುಗೂಸು ಆಸ್ಪತ್ರೆಯಲ್ಲಿ ತೀರಿಕೊಂಡಿತು. ಟವೆಲಿನಲ್ಲಿ ಸುತ್ತಿದ ಕೂಸನ್ನು ಎದೆಗವಚಿಕೊಂಡು ತಾಯಿ ಗೇಟಿನ ಬಳಿ ಕೂತಿದ್ದಳು. ಯಾವ ಗಾಡಿಯವನೂ ಹತ್ತಿಸಿಕೊಳ್ಳಲಿಲ್ಲ. ಜಂಪಣ್ಣ ಹತ್ತಿಸಿಕೊಂಡರು.

"ಆವತ್ತು ಎಲ್ರೂ ನನ್ನ ದೇವ್ರು ಅಂದ್ರು. ಮುಂದಿನ್ ವಾರ ಒಂದು ಮದುವೆ ಬಾಡಿಗೆ ಇತ್ತು, ಬ್ಯಾಡ ಅಂದ್ಬಿಟ್ರು. ಅದಾದ್ಮೇಲೆ ಯಾರೂ ಕರೀಲಿಲ್ಲ. ಹೆಣ ಇದ್ದೋರು ಮಾತ್ರ ಹುಡುಕ್ಕಂಡ್ ಬಂದ್ರು. ನಾನು ಈ ಕೆಲ್ಸ ಹಿಡೀಲಿಲ್ಲ ಕಣ್ರಿ, ಊರೇ ಹಿಡಿಸ್ತು." ಶಾಲೆಯಲ್ಲಿ ಮಕ್ಕಳು ಸೌಂದರ್ಯಳನ್ನು ಆಡಿಕೊಳ್ಳತೊಡಗಿದಾಗ, ಜಂಪಣ್ಣ ಬ್ಲೇಡು ಹಿಡಿದು ಗಾಜಿನ ಮೇಲಿದ್ದ ಅವಳ ಹೆಸರನ್ನು ಕೆರೆದು ತೆಗೆದರು.

ಆ ಸೌಂದರ್ಯ ಈಗ ಮೊಳಕಾಲ್ಮುರಿನ ಸೊಸೆ. ಗಂಡ ಓಬಳೇಶ್ ಅಲ್ಲಿನ ಸೀರೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಹೆರಿಗೆಗೆ ತವರಿಗೆ ಬಂದವಳಿಗೆ ಹೆಣ್ಣು ಮಗುವಾಗಿ ಐದು ತಿಂಗಳು. ಬರುವ ಭಾನುವಾರ ತಾಯಿ ಮಗುವನ್ನು ಗಂಡನ ಮನೆಗೆ ಕಳಿಸಬೇಕು. ಮಗಳನ್ನೂ ಮೊಮ್ಮಗಳನ್ನೂ ತಮ್ಮ ಗಾಡಿಯಲ್ಲೇ ಕರೆದೊಯ್ಯಬೇಕೆಂಬುದು ಜಂಪಣ್ಣನವರ ಆಸೆ. ಹೆಂಡತಿ ಸರ್ವಮಂಗಳ ಹೂಂ ಎಂದಿದ್ದಾರೆ, ಮಗಳು ಬೇಡ ಎಂದಿಲ್ಲ. ಆಗಲೇ, ಸೋಮವಾರ, ಗಾಡಿ ಹೀಗೆ ಮುನಿಸಿಕೊಂಡು ಕೂತಿದೆ.

ಸೆಲ್ಫ್ ಇಲ್ಲದೆಯೂ ಕೆಲಸ ನಿಲ್ಲುವಂತಿಲ್ಲ. ಅವತ್ತೇ ನಾಯಕನಹಟ್ಟಿ ಕಡೆಯ ಹಳ್ಳಿಗೆ ಒಬ್ಬ ಹಿರಿಯರನ್ನು ಒಯ್ಯಬೇಕು. ಹೋಗುವಾಗ ಸತ್ತವರ ಮಕ್ಕಳು, ಅಳಿಯಂದಿರು ಎಲ್ಲರೂ ಸೇರಿ ತಳ್ಳುತ್ತಾರೆ. ಊರು ಮುಟ್ಟಿ ಹೆಣ ಇಳಿಸಿದ ಮೇಲೆ ಅದೇ ಜನ ದೂರ ಸರಿದು ನಿಲ್ಲುತ್ತಾರೆ. ಖಾಲಿ ಗಾಡಿಗೆ ಕೈ ಹಚ್ಚಲು ಒಬ್ಬರೂ ಇಲ್ಲ. ಜಂಪಣ್ಣನಿಗೆ ಇದು ಮೊದಲೇ ಗೊತ್ತಿದ್ದುದರಿಂದ ಊರ ಬಾಗಿಲಿನ ಇಳಿಜಾರಿನಲ್ಲೇ ಗಾಡಿ ನಿಲ್ಲಿಸಿದ್ದಾರೆ. ಬ್ರೇಕ್ ಬಿಟ್ಟು ತಾವಾಗಿಯೇ ಉರುಳಿಕೊಂಡು ಹೊರಡುತ್ತಾರೆ. ನನಗೆ ಸಿಟ್ಟು ಬರುತ್ತದೆ, ಅವರಿಗೆ ಬರುವುದಿಲ್ಲ. "ದುಃಖದಾಗೆ ಐದಾರೆ ಪಾಪ," ಎಂದು ನನ್ನನ್ನೇ ಸಮಾಧಾನ ಮಾಡುತ್ತಾರೆ.

ಬುಧವಾರ ಮೆಕ್ಯಾನಿಕ್ ರವಿಕಿರಣ್ ಸೆಲ್ಫ್ ಮೋಟರ್ ಬಿಚ್ಚುತ್ತಾನೆ, ಗ್ಯಾರೇಜಿನಲ್ಲಲ್ಲ. "ಒಳಗೆ ತಂದ್ರೆ ಬ್ಯಾರೆ ಗಿರಾಕಿ ಗಾಡಿ ಬಿಡಲ್ಲ ಜಂಪಣ್ಣಾರೆ, ತಪ್ಪು ತಿಳ್ಕಬ್ಯಾಡ್ರಿ," ಎಂದು ಬೈಪಾಸಿನ ಹೊಂಗೆ ಮರದ ಕೆಳಗೆ ಕರೆಸಿಕೊಂಡಿದ್ದಾನೆ. ಹುಡುಗ ಒಳ್ಳೆಯವನೇ. ಬಿಸಿಲಲ್ಲಿ ಮಣ್ಣಿನ ಮೇಲೆ ಅಂಗಾತ ಮಲಗಿ ಮಧ್ಯಾಹ್ನದವರೆಗೂ ದುಡಿದು ಸರಿಮಾಡಿಕೊಡುತ್ತಾನೆ. ಹೋಗುವ ಮೊದಲು ಪಾನಾ, ಸ್ಕ್ರೂಡ್ರೈವರುಗಳನ್ನು ನೀರಲ್ಲಿ ತೊಳೆಯುತ್ತಾನೆ. ಜಂಪಣ್ಣ ಆ ಕಡೆ ನೋಡದೆ ಬೀಡಿ ಹಚ್ಚುತ್ತಾರೆ.

ಗುರುವಾರ ರಾಂಪುರಕ್ಕೆ ಹೋಗಿ ಬರುವಾಗ ಬಿ.ಜಿ. ಕೆರೆಯ ಹತ್ತಿರ ರೇಡಿಯೇಟರ್ ಪೈಪ್ ಒಡೆಯುತ್ತದೆ. ಪೈಪಿಗೆ ಬಟ್ಟೆ ಬಿಗಿದು, ನೀರು ಕೇಳಲು ಹೋಟೆಲಿಗೆ ಹೋದರೆ ಮಾಲೀಕ ಗಾಡಿಯನ್ನೊಮ್ಮೆ, ಜಂಪಣ್ಣನನ್ನೊಮ್ಮೆ ನೋಡುತ್ತಾನೆ. ಹಳೆಯ ಬಾಟಲಿಯೊಂದರಲ್ಲಿ ನೀರು ತುಂಬಿ ಕೊಟ್ಟು, "ಬಾಟ್ಲಿ ವಾಪಸ್ ತರಬ್ಯಾಡ್ರಿ," ಎನ್ನುತ್ತಾನೆ. ಈ ವಾರ ನಾನು ಕಂಡವರಲ್ಲಿ ಒಬ್ಬನೂ ಕೆಟ್ಟವನಲ್ಲ, ಒಬ್ಬನೂ ಒರಟಾಗಿ ಮಾತಾಡಿದವನಲ್ಲ. ಅದೇ ಹೆಚ್ಚು ಹೊಟ್ಟೆ ಉರಿಸುತ್ತದೆ.

ಶನಿವಾರ ಜಂಪಣ್ಣ ಬೇರೆಯೇ ಮನುಷ್ಯ. ಹೊಸ ಪೈಪ್ ಹಾಕಿಸಿದ್ದಾಗಿದೆ. ಹೆಣ ಮಲಗಿಸುವ ಹಲಗೆಯನ್ನು ಬಿಚ್ಚಿ, ಅಟ್ಟದಿಂದ ಹಿಂದಿನ ಸೀಟು ಇಳಿಸಿ ಕೂರಿಸಿದ್ದಾರೆ. ಒಳಗೂ ಹೊರಗೂ ಸೋಪು ಹಾಕಿ ಉಜ್ಜಿದ್ದಾರೆ. ಸರ್ವಮಂಗಳ ಅರಿಸಿನದ ನೀರು ಚಿಮುಕಿಸಿ, ಚಕ್ರಗಳಿಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡುತ್ತಾರೆ. ಮಗು ಹೇಗೆ ಮಲಗಬಹುದು ಎಂದು ಜಂಪಣ್ಣ ಸೀಟಿನ ಮೇಲೆ ಕೈಯಾಡಿಸಿ ನೋಡುತ್ತಾರೆ. "ಈ ಸೀಟಿನ ಮ್ಯಾಲೇ ಇವಳಮ್ಮನ್ನ ಮಲಗ್ಸಿ ತಿರುಗ್ಸಿದ್ದೆ ಕಣ್ರಿ," ಎಂದು ನಗುತ್ತಾರೆ. ವಾರದಲ್ಲಿ ಅವರು ನಕ್ಕದ್ದನ್ನು ಕಂಡದ್ದು ಅದೊಂದೇ ಸಲ.

ಭಾನುವಾರ ಬೆಳಿಗ್ಗೆ ಮೊಳಕಾಲ್ಮುರಿನಿಂದ ಫೋನು. ಓಬಳೇಶನ ತಾಯಿ ಲಕ್ಷ್ಮಕ್ಕ. ಫೋನಿನ ದನಿ ಹೊರಗೆ ನಿಂತವರಿಗೂ ಕೇಳುವಷ್ಟಿದೆ. "ಬೀಗ್ರೇ, ಸಿಟ್ಟಾಗಬ್ಯಾಡ್ರಿ. ಆ ಗಾಡ್ಯಾಗೆ ಕೂಸನ್ನ ಕರ್ಕಂಡ್ ಬರಬ್ಯಾಡ್ರಿ. ನಾವೇ ಟ್ಯಾಕ್ಸಿ ಕಳಿಸೀವಿ. ನೀವು ಬರ್ರಿ, ಆ ಗಾಡಿ ಬ್ಯಾಡ."

ಜಂಪಣ್ಣ ಮಗಳ ಮುಖ ನೋಡುತ್ತಾರೆ. ಹೊಸ ಸೀರೆಯುಟ್ಟ ಸೌಂದರ್ಯ ಮಗುವನ್ನು ಎತ್ತಿಕೊಂಡು ಹೊಸ್ತಿಲಲ್ಲಿ ನಿಂತಿದ್ದಾಳೆ. ಈ ಗಾಡಿಯ ದುಡಿಮೆಯಲ್ಲೇ ಉಂಡು, ಓದಿ, ಮದುವೆಯಾದವಳು. "ಅಪ್ಪಾ, ನಂಗೇನೂ ಇಲ್ಲ. ಆದ್ರೆ ನಾಳೆ ಇವಳಿಗೆ ಒಂದು ಜ್ವರ ಬಂದ್ರೂ ಅಲ್ಲಿ ನಿನ್ ಗಾಡಿನೇ ಅಂತಾರೆ. ಆ ಮಾತು ಕೇಳ್ಬೇಕಾದೋಳು ನಾನು." ಅವಳ ಮಾತಿನಲ್ಲಿ ತಪ್ಪು ಹುಡುಕಿದರೂ ಸಿಗುವುದಿಲ್ಲ.

ಟ್ಯಾಕ್ಸಿ ಬರುತ್ತದೆ. ತೊಟ್ಟಿಲನ್ನು ಅದರ ಮೇಲೆ ಕಟ್ಟುತ್ತಾರೆ. ಸರ್ವಮಂಗಳ ಮಗಳ ಪಕ್ಕ ಕೂರುತ್ತಾರೆ. ಮುಂದೆ ಒಂದು ಜಾಗ ಖಾಲಿಯಿದೆ, ಎಲ್ಲರೂ ಕರೆಯುತ್ತಾರೆ. "ಫೋನ್ ಬಂದ್ರೆ ಯಾರಾದ್ರೂ ಇರಬೇಕಲ್ಲ," ಎಂದು ಜಂಪಣ್ಣ ಹಿಂದೆ ಸರಿದು, ಮಗುವಿನ ಪಾದ ಮುಟ್ಟಿ, ಟ್ಯಾಕ್ಸಿಯ ಬಾಗಿಲು ಹಾಕುತ್ತಾರೆ.

ಮಧ್ಯಾಹ್ನ ಆಸ್ಪತ್ರೆಯಿಂದ ಕರೆ ಬಂದೇ ಬಿಡುತ್ತದೆ. ಜಂಪಣ್ಣ ಸೀಟು ಬಿಚ್ಚಿ, ಹಲಗೆ ಕೂರಿಸಿ ಬೋಲ್ಟು ಬಿಗಿಯುತ್ತಿದ್ದಾರೆ. ನಿಮಗೆ ಏನಾಗಬೇಕು ಜಂಪಣ್ಣ, ಸರ್ಕಾರದಿಂದ, ಊರಿನಿಂದ, ಏನಾದರೂ, ಎಂದು ಕೇಳುತ್ತೇನೆ. ಪತ್ರಿಕೆಯವರು ಕೇಳುವ ಮಾಮೂಲಿ ಪ್ರಶ್ನೆ. ಅವರು ಪಾನಾ ತಿರುಗಿಸುತ್ತಲೇ ಕೊನೆಯ ಬೋಲ್ಟನ್ನೂ ಬಿಗಿಯುತ್ತಾರೆ.

"ಏನೂ ಬ್ಯಾಡ್ರಿ. ಈ ಗಾಡಿ ಹತ್ತಿದೋರೆಲ್ಲ, ಜನ ಕಾಯ್ತಾ ಐದಾರೆ, ಬ್ಯಾಗ ಓಡ್ಸು ಅಂತಾರೆ. ಹಿಂದೆ ಮಗು ಐತೆ, ನಿಧಾನ ಓಡ್ಸಪ್ಪಾ ಅಂತ ಇವತ್ತು ನನ್ ಮಗಳು ಅಂತಾಳೆ ಅನ್ಕಂಡಿದ್ದೆ. ಅದೊಂದು ಮಾತು ಕೇಳ್ಬೇಕಿತ್ತು."